ಎದುರುಗಾಳಿಯ ಅರ್ಧ ದಾರಿ

ಅಣ್ಣನ ದಿನಕರ್ಮಗಳು ಮುಗಿದ ಮರುದಿನ ಬೆಳಿಗ್ಗೆ ಬೆಳಗಾವಿಯ ನೇಕಾರರ ಪೇಟೆ ವಡಗಾವಿಯಲ್ಲಿ ನಮ್ಮ ತವರುಮನೆಯ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದೆ. ಓಣಿಯ ಉದ್ದಕ್ಕೂ ಮಗ್ಗದ ಹಾಸುನೂಲು ಬಿಗಿದು ಯಾರೋ ಗಂಜಿ ಹಚ್ಚುತ್ತಿದ್ದರು. ಎದುರಿನ ಸೈಕಲ್ ಅಂಗಡಿಯಲ್ಲಿ ಪಂಕ್ಚರಿಗೆ ಸಲೂಷನ್ ಬಳಿಯುತ್ತಿದ್ದರು. ಹುಳಿಹುಳಿಯಾದ ಗಂಜಿಯ ವಾಸನೆ, ಮೂಗಿಗೆ ಚುಚ್ಚುವ ರಬ್ಬರಿನ ವಾಸನೆ ಎರಡೂ ಒಟ್ಟಿಗೆ ಬಂದವು. ಅಣ್ಣ ಹೋದ ದಿನ ಬಾರದ ಅಳು ಆಗ ಬಂತು.

ಒಳಗೆ ಅಣ್ಣನ ಫೋಟೋಕ್ಕೆ ಕಟ್ಟು ಹಾಕಿಸಿ ತಂದಿದ್ದರು. ಅವನ ಮಗ ಮಲ್ಲು ಅಂಗಡಿಗಳಿಗೆ ಬೋರ್ಡು ಬರೆಯುವವನು. ಫೋಟೋದ ಕೆಳಗಿನ ಪಟ್ಟಿಯ ಮೇಲೆ ಅಪ್ಪನ ಹೆಸರು ಬರೆದು, ಹೆಸರಿನ ಕೆಳಗೆ ಏನು ಬರೆಯಬೇಕೆಂದು ಕೂತವರನ್ನು ಕೇಳಿದ. ನಮ್ಮ ಸೋದರಮಾವನ ಮಗ ಗುರಪ್ಪ ತಟ್ಟನೆ ಹೇಳಿದ:

"ಇದಕ್ಕೇನ್ ಕೇಳ್ತೀಪಾ? ಅರ್ಧ ದಾರಿ ಈರಪ್ಪ ಅಂತ ಬರಿ. ಇಡೀ ವಡಗಾವಿಗಿ ಗೊತ್ತಾಗತೈತಿ."

ಕೂತವರು ನಕ್ಕರು. ಕೆಟ್ಟ ಮನಸ್ಸಿನಿಂದ ನಕ್ಕರೆಂದು ನಾನು ಹೇಳಲಾರೆ. ನಮ್ಮ ಓಣಿಯ ಹಳೆಯ ಹಾಸ್ಯ ಅದು. ಈರಪ್ಪ ಸೈಕಲ್ ರೇಸಿಗೆ ಹೋದ, ಅರ್ಧ ದಾರಿ ಹೊಡೆದ, ಖಾನಾಪುರ ಮುಟ್ಟಿ ಕೈಬಿಟ್ಟ, ಹೀಗೆ ಕತೆ. ಅಣ್ಣ ಇದಕ್ಕೆ ಎಂದೂ ಎದುರು ಮಾತಾಡಲಿಲ್ಲ. ನಾನೂ ಮಂದಿಯ ನಡುವೆ ಮಾತಾಡಿ ರೂಢಿಯಿಲ್ಲದವಳು. ಕನ್ನಡ ಐದನೇ ಇಯತ್ತೆಯವರೆಗೆ ಓದಿದ್ದೇನೆ, ಅಷ್ಟೇ. ಆದರೆ ಅವತ್ತು ನಾನು ಖಾನಾಪುರದ ರಸ್ತೆಯ ಬದಿಗೆ ನಿಂತು ಕಣ್ಣಾರೆ ನೋಡಿದ್ದೇನೆ. ಅಪ್ಪ ಇಲ್ಲ, ಅವ್ವ ಇಲ್ಲ, ಈಗ ಅಣ್ಣನೂ ಇಲ್ಲ. ನೋಡಿದವಳು ಉಳಿದಿರುವಾಗ ನೋಡದವರು ಕತೆ ಹೇಳುವುದು ಸರಿಯಲ್ಲ.

ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ ದೊಡ್ಡ ಅಧಿವೇಶನ ನಡೆದು ಊರೆಲ್ಲ ಖಾದಿಯ ಮಾತಾಡಿದ ಮರುವರ್ಷದ ಮಳೆಗಾಲ ಅದು. ಮೃಗಶಿರಾದಲ್ಲಿ ಹಿಡಿದ ಮಳೆ ಬಿಡಲೇ ಇಲ್ಲ. ನಮ್ಮದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು, ಕೆಳಗಿನ ಹಲಗೆ ತುಳಿಯುತ್ತ ಸೀರೆ ನೇಯಬೇಕು. ಮಳೆ ಜೋರಾದರೆ ಕುಣಿಯಲ್ಲಿ ನೀರು ಒಸರುತ್ತದೆ. ಅಪ್ಪ ಬೆಳಿಗ್ಗೆ ಎದ್ದವನೇ ಚರಿಗೆಯಿಂದ ಕುಣಿಯ ನೀರು ಎತ್ತಿ ಓಣಿಗೆ ಚೆಲ್ಲುತ್ತಿದ್ದ. ಬಿಸಿಲಿಲ್ಲದೆ ಓಣಿಯಲ್ಲಿ ಹಾಸು ಬಿಗಿಯುವಂತಿರಲಿಲ್ಲ. ಮನೆಯೊಳಗೇ ಗಂಜಿ ಹಚ್ಚಿ ಒಲೆಯ ಮೇಲುಗಡೆ ಒಣಗಿಸುತ್ತಿದ್ದೆವು. ಉಣ್ಣುವ ರೊಟ್ಟಿಗೂ ಗಂಜಿಯ ವಾಸನೆ.

ಅಣ್ಣ ಹುಡುಗನಿದ್ದಾಗಿನಿಂದ ಮಗ್ಗದಲ್ಲಿ ಕೂತವನು. ಆದರೆ ಅದಕ್ಕೂ ಹಿಂದಿನ ವರ್ಷ ನಮ್ಮ ಸೀರೆ ಕೊಳ್ಳುವ ಸಾವಕಾರರು ಅವನಿಗೊಂದು ಭಾರಿ ಸೈಕಲ್ ಕೊಟ್ಟು ಪಗಾರದ ಕೆಲಸಕ್ಕೆ ಇಟ್ಟುಕೊಂಡಿದ್ದರು. ಸೀರೆಯ ಗಂಟು ಕ್ಯಾರಿಯರಿಗೆ ಬಿಗಿದುಕೊಂಡು ಖಾನಾಪುರದ ಸಂತೆಗೆ, ನಂದಗಡದ ಪೇಟೆಗೆ, ಒಮ್ಮೊಮ್ಮೆ ಹಲಸಿಯವರೆಗೂ ಹೋಗಿ ಮಾರಿ ಬರಬೇಕು. ಸಾವಕಾರರ ಕರಾರು ಒಂದೇ: ಸೀರೆ ತೋಯಬಾರದು. ಒಂದು ಸೀರೆಗೆ ಕೆಸರಿನ ಹನಿ ಬಿದ್ದರೂ ಸೈಕಲ್ ತಂದು ಅಂಗಡಿಯ ಮುಂದೆ ನಿಲ್ಲಿಸಿ ಹೋಗಬೇಕು.

ಅಪ್ಪನಿಗೆ ಇದು ಸೇರುತ್ತಿರಲಿಲ್ಲ. "ನೇಕಾರನ ಮಗಾ ಮಗ್ಗಾ ತುಳೀಬೇಕು. ನೀ ನೋಡಿದ್ರ ಗಾಲಿ ತುಳಕೋತ ಹೊಂಟೀದಿ," ಎನ್ನುತ್ತಿದ್ದ.

"ಮಗ್ಗಾ ಎಷ್ಟ ತುಳದ್ರೂ ಇದ್ದಲ್ಲೇ ಇರತೀನಿ ಅಪ್ಪಾ. ಇದನ್ನ ತುಳದ್ರ ಖಾನಾಪುರರೇ ಬರತೈತಿ," ಎಂದು ಅಣ್ಣ ನಗುತ್ತಿದ್ದ.

ಓಣಿಯ ತಿರುವಿನಲ್ಲಿ ಅವನು ಎರಡು ಸಲ ಗಂಟೆ ಬಾರಿಸುತ್ತಿದ್ದ. ಅದು ಕೇಳಿದರೆ ಅವ್ವ ಹಂಚು ಒಲೆಗೇರಿಸುತ್ತಿದ್ದಳು. ಆಷಾಢದ ಒಂದು ಸಂಜೆ ಗಂಟೆ ಕೇಳಿತು, ಆದರೆ ಅಣ್ಣ ಸೈಕಲ್ ಹತ್ತಿ ಬರುವ ಬದಲು ಅದನ್ನು ನೂಕಿಕೊಂಡು ನಡೆದು ಬಂದ. ಅಣ್ಣನ ಸಂಗಡ ಒಬ್ಬ ಪರದೇಶಿ. ಕೆಂಪು ಮೈ, ಗುಂಗುರು ಕೂದಲು, ಒಂದು ಕಾಲು ಸ್ವಲ್ಪ ಎಳೆದು ಹಾಕುವ ನಡಿಗೆ. ತಂತಿಯಷ್ಟು ತೆಳ್ಳಗಿನ ಸೈಕಲನ್ನು ಹೆಗಲ ಮೇಲೆ ಹೊತ್ತಿದ್ದ. ಎದೆಯ ಮೇಲೆ ಅಡ್ಡಡ್ಡ, ಎರಡೂ ಹೆಗಲಿನಿಂದ, ಹರಿದ ಟೈರುಗಳನ್ನು ಹಾಕಿಕೊಂಡಿದ್ದ.

ಅವ್ವ ಬಾಗಿಲಲ್ಲೇ ನಿಂತು ಕೇಳಿದಳು: "ಎರಡೆರಡ ಜನಿವಾರ ಹಾಕ್ಯಾನಲ್ಲೋ ಈರಾ! ಯಾವ ಊರ ಭಟ್ಟೋ ಇಂವಾ?"

"ಯಾವ ಊರೋ ಏನೋ. ಖಾನಾಪುರದ ಹಂಚಿನ ಭಟ್ಟಿ ಬಾಜೂಕ ಮಳ್ಯಾಗ ಕುಂತಿದ್ದ. ಟೈರ್ ಎಲ್ಲಾ ಹರದಾವ. ನನ್ನ ಸೈಕಲ್ ನೋಡಿ ನಕ್ಕ, ನಾನೂ ನಕ್ಕೆ. ಬಾ ಅಂದೆ, ಬಂದ."

ದಂಡಿನವರ ಕ್ಯಾಂಪಿನಲ್ಲಿ ಪಾವ್ ಸುಡುವ ಭಟ್ಟಿ ಇಟ್ಟಿದ್ದ ಗೋವೆಯ ಮಿಂಗೇಲಣ್ಣನನ್ನು ಮರುದಿನ ಕರೆತಂದಾಗ ಬಂದವನು ಯಾರೆಂದು ತಿಳಿಯಿತು. ಮಿಂಗೇಲಣ್ಣನಿಗೆ ಪೋರ್ತುಗೀಜ ಮಾತು ಬರುತ್ತಿತ್ತು. ಪರದೇಶಿ ಅದೇ ಮಾತಿನವನು. ಹೆಸರು ಆನ್ಸೆಲ್ಮು. ಊರು ಬ್ರಾಜಿಲ್ ದೇಶದಲ್ಲಿ, ಎರಡು ಸಮುದ್ರ ದಾಟಿ. ಅವನು ಹೇಳಿದ್ದನ್ನು ಮಿಂಗೇಲಣ್ಣ ನಮಗೆ ಹೇಳಿದ್ದು ಹೀಗೆ:

"ಇವನ ಅವ್ವ ಮಂದಿ ಅರಿವಿ ಒಗೀತಿದ್ಲಂತ. ಒಗದ ಅರಿವಿ ಮನಿಮನಿಗಿ ಮುಟ್ಟಸಾಕ ಇಂವಾ ಸೈಕಲ್ ಕಲತ. ಆಮ್ಯಾಲ ರೇಸ್. ಅಲ್ಲೆ ಒಂದು ಸೈಕಲ್ ಕಂಪನಿ ಇವಂಗ ಅಂಗಿ ಕೊಟ್ಟಿತ್ತು, ಪಗಾರ ಕೊಟ್ಟಿತ್ತು. ಸೈಕಲ್ ಹೊಡಿಯೂದ ನೌಕರಿ ನೋಡ್ರಿ! ಕಾಫಿ ತ್ವಾಟದ ನಡುವ ಕೆಂಪು ರಸ್ತಿ, ಒಂದೂರಿಂದ ಇನ್ನೊಂದೂರಿಗಿ. ಇಂವಾ ಗೆದ್ದರ ಮಂದಿ ಹೆಗಲ ಮ್ಯಾಲ ಹೊರತಿದ್ರಂತ. ಒಮ್ಮಿ ಬಿದ್ದ, ಟೊಂಕದ ಎಲುಬ ಮುರೀತು. ಕಂಪನಿಯವರು ದವಾಖಾನಿಗಿ ಬಂದು ಏನ್ ಮಾಡಿದ್ರು ಹೇಳ್ರಿ?"

"ಹಣ್ಣ ಕೊಟ್ರು?" ಎಂದಳು ಅವ್ವ.

"ಅಂಗಿ ವಾಪಸ್ ಕೇಳಿದ್ರು."

ಅಪ್ಪ ಲಾಳಿ ನಿಲ್ಲಿಸಿ ಅವನ ಕಡೆ ನೋಡಿದ. ಆನ್ಸೆಲ್ಮು ಮುಖದಲ್ಲಿ ಏನೂ ತೋರದೆ ರೊಟ್ಟಿ ಮುರಿಯುತ್ತಿದ್ದ. ಎಲುಬು ಕೂಡಿದ ಮೇಲೆ ಯಾರೂ ಅವನನ್ನು ಸವಾರನೆಂದು ಇಟ್ಟುಕೊಳ್ಳಲಿಲ್ಲವಂತೆ. ಹಡಗಿನ ಅಡಿಗೆಮನೆಯಲ್ಲಿ ಕೆಲಸ ಹಿಡಿದು ಗೋವೆಯಲ್ಲಿ ಇಳಿದ. ಈ ಕಡಲಿನಿಂದ ಆ ಕಡಲಿನವರೆಗೆ ಒಂದು ದೇಶವನ್ನು ಅಡ್ಡ ಹಾಯ್ದರೆ ತಾನಿನ್ನೂ ಸವಾರ ಎಂದು ತನಗೆ ತಾನೇ ಹೇಳಿಕೊಳ್ಳಬಹುದು, ಇಷ್ಟೇ ಅವನ ಲೆಕ್ಕ. ಮಳೆಗಾಲವೆಂದರೇನೆಂದು ಅವನಿಗೆ ಗೊತ್ತಿರಲಿಲ್ಲ. ಘಟ್ಟದ ಕಲ್ಲುಗಳು ಟೈರು ತಿಂದು ಹಾಕಿದವು.

"ಮಳಿಗಾಲದಾಗ ಘಟ್ಟಾ ಹತ್ಯಾನ? ಇಂವಾ ನಮ್ಮ ಈರ್‍ಯಾಗಿಂತಾ ಹುಚ್ಚ ಅದಾನು," ಎಂದ ಅಪ್ಪ. ಆದರೆ ಹಾಗೆಂದವನೇ ಎದ್ದು ಅವನ ಟೈರು ಕೈಗೆತ್ತಿಕೊಂಡ.

ಅದು ನಮ್ಮ ಸೈಕಲ್ಲುಗಳ ಟೈರಿನಂತಲ್ಲ. ಹೊಟ್ಟೆಯ ಕಡೆ ಉದ್ದಕ್ಕೂ ಹೊಲಿಗೆ ಹಾಕಿ ಮುಚ್ಚಿದ ಕೊಳವೆ. ಅಪ್ಪ ಹೊಲಿಗೆ ಬಿಚ್ಚಿ ಒಳಗೆ ನೋಡಿದ. ಮೇಲೆ ಮಾತ್ರ ರಬ್ಬರು, ಒಳಗೆಲ್ಲ ನೂಲು. "ಏ, ಇದು ಬಟ್ಟೀನ ಅಲ್ಲೇನಽ!" ಎಂದು ಅವ್ವನನ್ನು ಕೂಗಿ ಕರೆದ. ಅಂದಿನಿಂದ ಸೈಕಲ್ಲಿನ ಮೇಲಿನ ಅವನ ಸಿಟ್ಟು ಅರ್ಧ ಇಳಿಯಿತು. ಗಾಲಿಯೂ ನೂಲಿನ ಮೇಲೆಯೇ ಓಡುತ್ತದೆ ಎಂದು ತಿಳಿದ ಮೇಲೆ ಅದು ಅವನಿಗೆ ಪರಕೀಯವಾಗಿ ಉಳಿಯಲಿಲ್ಲ. ಸೀರೆಯ ಅಂಚಿಗೆಂದು ಇಟ್ಟಿದ್ದ ರೇಷ್ಮೆಯ ತುಂಡುಗಳನ್ನು ಸಲೂಷನ್ನಿನಿಂದ ಒಳಗೆ ಅಂಟಿಸಿದ. ಹರಿದ ನಾಲ್ಕಾರು ಟೈರು ಕೂಡಿಸಿ ಒಂದು ಜೋಡಿ ಮಾಡಿದ. ಹೊಲಿಗೆ ಅವ್ವನದು. ಆ ಮಳೆಗಾಲ ನಮ್ಮ ಮನೆಯಲ್ಲಿ ಗಂಜಿ ಮತ್ತು ಸಲೂಷನ್ ಎರಡೂ ವಾಸನೆ ಕೂಡಿ ಇದ್ದವು.

ಆನ್ಸೆಲ್ಮು ಮಳೆ ನಿಲ್ಲುವವರೆಗೆ ಉಳಿದ. ಬೆಳಿಗ್ಗೆ ಮಿಂಗೇಲಣ್ಣನ ಸೈಕಲ್ಲಿಗೆ ಪಾವಿನ ಡಬ್ಬಿ ಕಟ್ಟಿಕೊಂಡು ಕ್ಯಾಂಪಿನ ಮನೆಗಳಿಗೆ ಪಾವ್ ಹಂಚುತ್ತಿದ್ದ. ಉಳಿದ ಹೊತ್ತು ಅಣ್ಣನ ಸಂಗಡ ಖಾನಾಪುರದ ರಸ್ತೆಯಲ್ಲಿರುತ್ತಿದ್ದ. ಅಣ್ಣನ ಕಾಲಿನ ಮೀನಖಂಡ ಒತ್ತಿ ನೋಡಿ ಒಮ್ಮೆ ಏನೋ ಹೇಳಿದ. ಇಂಥ ಕಾಲು ಎಲ್ಲಿಂದ ತಂದೆ ಎಂದು ಕೇಳುತ್ತಿದ್ದಾನೆ ಎಂದ ಮಿಂಗೇಲಣ್ಣ. ಅಣ್ಣ ಮಗ್ಗದ ಕುಣಿ ತೋರಿಸಿದ. ಆನ್ಸೆಲ್ಮು ಅದರೊಳಗೆ ಇಳಿದು ಕೂತು, ಹಲಗೆ ತುಳಿದು, ಸ್ವಲ್ಪ ಹೊತ್ತಿಗೇ ಸೊಂಟ ಹಿಡಿದುಕೊಂಡು ಹೊರಗೆ ಬಂದ. ಅಪ್ಪ ಅಷ್ಟು ನಕ್ಕದ್ದನ್ನು ನಾನು ಮೊದಲು ನೋಡಿರಲಿಲ್ಲ.

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವಾಗ ಮಳೆಗಾಲದ ಗಾಳಿ ಮುಖಕ್ಕೇ ಹೊಡೆಯುತ್ತದೆ. ದೇಸೂರಿನ ಏರಿನಲ್ಲಂತೂ ಯಾರೋ ಎದೆಗೆ ಕೈಕೊಟ್ಟು ಹಿಂದೆ ನೂಕಿದ ಹಾಗೆ ಎಂದು ಅಣ್ಣ ಹೇಳುತ್ತಿದ್ದ. ಬರುವಾಗ ಅದೇ ಗಾಳಿ ಬೆನ್ನಿಗೆ ಹತ್ತಿ ದೂಡಿಕೊಂಡು ಬರುತ್ತದೆ. ಆನ್ಸೆಲ್ಮು ಕಲಿಸಿದ ವಿದ್ಯೆ ಈ ಗಾಳಿಯದು. ಅಣ್ಣ ಅದನ್ನು ಊಟಕ್ಕೆ ಕೂತಾಗ ವಿವರಿಸಿದ: "ಎದುರ್‌ಗಾಳಿ ಹಂಚಗೋಬೇಕಂತ. ಒಬ್ಬಾಂವ ಮುಂದ ಹೋಗಿ ಗಾಳಿ ತಿನ್ನೂದು, ಇನ್ನೊಬ್ಬಾಂವ ಅವನ ಗಾಲಿ ಬೆನ್ನಿಗಿ ಹತ್ತಿ ಉಸರ ತಗೊಳ್ಳೂದು. ಆಮ್ಯಾಲ ಹಿಂದಿನಾಂವ ಮುಂದ."

"ಇದ ಕಲಸಾಕ ಎರಡ ಸಮುದ್ರ ದಾಟಿ ಬರಬೇಕಾತೇನು? ನಾನೂ ನೀಲೀನೂ ಬೀಸೂ ಕಲ್ಲ ಮುಂದ ದಿನಾ ಇದ ಮಾಡತೀವಿ," ಎಂದಳು ಅವ್ವ. ನೀಲಿ ಎಂದರೆ ನಾನು.

ಶ್ರಾವಣದಲ್ಲಿ ಒಂದು ಸುದ್ದಿ ಬಂತು. ಗಣಪತಿ ಕಳಿಸಿದ ಮೇಲೆ ಕ್ಯಾಂಪಿನ ಒಂದು ಕ್ಲಬ್ಬಿನವರು ಸೈಕಲ್ ರೇಸು ಇಡುತ್ತಾರೆ. ಬೆಳಗಾವಿಯಿಂದ ಹೊರಟು, ಖಾನಾಪುರದ ಹಂಚಿನ ಭಟ್ಟಿಯ ಹತ್ತಿರ ಇಟ್ಟ ಪೀಪಾಯಿ ಸುತ್ತಿ, ತಿರುಗಿ ಬೆಳಗಾವಿಗೆ ಬರಬೇಕು. ಗೆದ್ದವರಿಗೆ ಬೆಳ್ಳಿಯ ಲೋಟ. ಅಣ್ಣ ಲೋಟದ ಮಾತನ್ನೇ ಆಡಲಿಲ್ಲ. "ನಮ್ಮ ರಸ್ತಿ ಮ್ಯಾಲ ಇಟ್ಟಾರ ತಂಗಿ," ಎಂದ. ವಾರ ವಾರ ಗಂಟು ಹೊತ್ತುಕೊಂಡು ತುಳಿದ ದಾರಿಯಲ್ಲಿ ಒಮ್ಮೆಯಾದರೂ ಸವಾರ ಎನಿಸಿಕೊಂಡು ಹೋಗಬೇಕೆಂಬುದು ಅವನ ಆಸೆ. ಆನ್ಸೆಲ್ಮು ತನ್ನ ಹಗುರ ಸೈಕಲನ್ನು ಅವನಿಗೆ ಕೊಡುತ್ತೇನೆಂದ.

ಹೆಸರು ಬರೆಸಲು ಅಪ್ಪನೂ ಸಂಗಡ ಹೋದ. ಮಿಂಗೇಲಣ್ಣ, ಆನ್ಸೆಲ್ಮು ಕೂಡ ಹೋದರು. ತಿರುಗಿ ಬಂದಾಗ ಅಪ್ಪ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದ. ಕ್ಲಬ್ಬಿನ ಕಾರ್ಯದರ್ಶಿ ಒಬ್ಬ ವಕೀಲರು. ಮರ್ಯಾದೆಯಿಂದ ಕೂರಿಸಿ, ಚಹಾ ಕುಡಿಸಿ, ಇಲ್ಲ ಎಂದಿದ್ದರು. ಅಪ್ಪ ಅವರ ದನಿಯನ್ನೇ ತೆಗೆದು ಅವ್ವನಿಗೆ ಹೇಳಿ ತೋರಿಸಿದ.

"'ನೋಡ್ರಿ ಯಜಮಾನರ, ಇದು ಷೋಕಿಗಾಗಿ ಹೊಡಿಯೋರ ರೇಸು. ನಿಮ್ಮ ಮಗಾ ಪಗಾರಿ ಸವಾರ. ಪಗಾರ ತಗೊಂಡು ಸೈಕಲ್ ಹೊಡಿಯೋರಿಗಿ ಇದರಾಗ ಜಾಗಾ ಇಲ್ಲ. ನಿಯಮ ಐತಿ.' ಈ ಆನಸೆಲ್ಲಪ್ಪಗೂ ಅದ ಮಾತು. ಅವನ ದೇಶದಾಗ ಪಗಾರ ತಗೊಂಡಾನಂತ, ಇವರ ಲೋಟಕ್ಕ ಮೈಲಿಗಿ ಆಗತೈತಂತ!"

"ನೀವೇನಂದ್ರಿ?" ಎಂದು ಅವ್ವ ಕೇಳಿದಳು.

"ಏನನ್ನಲಿ? ಸಾಹೇಬ್ರ, ನಾ ಸೀರಿ ನೇದು ದುಡ್ಡ ತಗೋತೀನಿ. ಹಂಗಾರ ನಾ ನೇಕಾರ ಅಲ್ಲೇನ್ರಿ? ನೀವು ಕೋರ್ಟಿನ್ಯಾಗ ಫೀಜ್ ತಗೋತೀರಿ, ನೀವು ವಕೀಲರಲ್ಲೇನ್ರಿ? ಅಂದೆ. ಚಹಾದ ಕಪ್ಪ ಕೆಳಗಿಟ್ಟು ಎದ್ದ ಬಂದೆ."

ಅಣ್ಣ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಆನ್ಸೆಲ್ಮು ಅವನ ಪಕ್ಕದಲ್ಲಿ. ಇಬ್ಬರನ್ನೂ ನೋಡುತ್ತ ಅಪ್ಪ ಒಮ್ಮೆಲೇ ಕೇಳಿದ: "ರೇಸು ಯಾವತ್ತೋ ಈರಾ?"

"ಖಾನಾಪುರದ ಸಂತಿ ದಿವಸ."

"ಮತ್ತ? ಸಂತಿ ದಿವಸ ನೀ ಎಲ್ಲಿರತಿ?"

ಅಣ್ಣ ತಲೆ ಎತ್ತಿದ.

"ಸೀರಿ ಗಂಟ ಕಟಗೊಂಡು ಖಾನಾಪುರ ರಸ್ತಿ ಮ್ಯಾಲ ಇರತಿ. ರಸ್ತಿ ಅವರಪ್ಪಂದೇನು? ಅವರು ಹೊಂಡೂ ಹೊತ್ತಿಗೇ ನಿನ್ನ ಕೆಲಸಕ್ಕ ನೀ ಹೊಂಡು. ಯಾಂವ ಹಿಡೀತಾನ ನೋಡೂಣು!"

ಹಗುರ ಸೈಕಲ್ಲಿನ ಮೇಲೆ, ಗಂಟನ್ನು ಬೆನ್ನಿಗೆ ಕಟ್ಟಿಕೊಂಡು ಹೋಗುವುದೆಂದು ಗೊತ್ತಾಯಿತು. ಟೈರಿನ ಕೊನೆಯ ಹೊಲಿಗೆಯನ್ನು ಅವ್ವ ಎರಡು ಸಲ ಹಾಕಿದಳು. ಗಂಜಿಯಿಲ್ಲದ ನೂಲು ನಮ್ಮ ಮನೆಯಲ್ಲಿ ನೂಲೇ ಅಲ್ಲ. ಎಳೆ ಬಿಚ್ಚಬಾರದೆಂದು ಹೊಲಿಗೆಯ ದಾರವನ್ನು ಗಂಜಿಯಲ್ಲಿ ಅದ್ದಿ ಎಳೆದಿದ್ದಳು. ಅಪ್ಪ ಖುಷಿಯಿಂದ ಹೊಲಿಗೆಯ ಮೇಲೆ ಇನ್ನೊಂದು ಕೈ ಗಂಜಿ ಬಳಿದ. ಹಾಸುನೂಲನ್ನು ನಾವು ಇಲಿಗೆ ಎಟುಕದಂತೆ ಸದಾ ತೊಲೆಗೆ ತೂಗುಹಾಕುತ್ತೇವೆ. ಟೈರು ರಬ್ಬರು, ಅದಕ್ಕೇನಾಗುತ್ತದೆ ಎಂದು ನೆಲದ ಮೇಲೆ ಗೋಡೆಗೆ ಒರಗಿಸಿಟ್ಟಿದ್ದರು.

ರೇಸಿನ ದಿನ ಬೆಳಿಗ್ಗೆ ಅವ್ವನ ಕೂಗು ಕೇಳಿ ಎದ್ದೆವು. ಹೊಲಿಗೆಯ ಉದ್ದಕ್ಕೂ ಇಲಿ ತಿಂದು ಹೋಗಿತ್ತು. ಟೈರುಗಳು ಬಾಯಿ ತೆರೆದು ಬಿದ್ದಿದ್ದವು. ಅಪ್ಪ ಹಣೆಗೆ ಕೈ ಹಚ್ಚಿ ಕೂತ. ಆನ್ಸೆಲ್ಮು ದಾರದ ತುದಿ ನಾಲಿಗೆಗೆ ಹಚ್ಚಿ ನೋಡಿದ. ಗಂಜಿಯ ರುಚಿ ಹತ್ತಿದ ಮೇಲೆ ಗೋಡೆಗೆ ಆತು ನಿಂತು ನಗತೊಡಗಿದ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಆಮೇಲೆ ಕ್ಯಾಂಪಿನ ಕಡೆ ಹೊರಟು ಹೋದ.

"ಭಾರಿ ಸೈಕಲ್ ಐತಲ್ಲ, ಅದರ ಮ್ಯಾಲಽ ಹೋಗತೀನಿ," ಎಂದ ಅಣ್ಣ. ಅವ್ವ ಗಂಟಿಗೆ ಮೇಣದ ಬಟ್ಟೆ ಸುತ್ತಿ ಕ್ಯಾರಿಯರಿಗೆ ಬಿಗಿದಳು. "ಸೀರಿ ತೋಯಿಸಬ್ಯಾಡೋ," ಎಂದಳು. ಅದು ಅವಳು ಪ್ರತಿ ಸಂತೆಗೂ ಹೇಳುವ ಮಾತು. ಆದರೆ ಅವತ್ತು ಹೇಳುವಾಗ ಅವನ ಕೆನ್ನೆ ಸವರಿದಳು.

ನಾನೂ ಅಪ್ಪನೂ ಬೆಳಗಿನ ರೈಲುಗಾಡಿಗೆ ಖಾನಾಪುರಕ್ಕೆ ಹೋದೆವು. ಹಂಚಿನ ಭಟ್ಟಿಯ ಮುಂದೆ ರಸ್ತೆಯ ನಡುವೆ ಸುಣ್ಣ ಬಳಿದ ಪೀಪಾಯಿ. ಸುತ್ತ ಮಂದಿ. ಮೋಟಾರಿನಲ್ಲಿ ಮುಂದಾಗಿ ಬಂದಿದ್ದ ವಕೀಲರು ಬಾವುಟ ಹಿಡಿದು ಕುರ್ಚಿಯ ಮೇಲೆ ಕೂತಿದ್ದರು. ಅವರ ಸಂಗಡ ಮೋಟಾರಿನಲ್ಲಿ ಬಂದ ಒಬ್ಬ ಬೆಳಗಾವಿಯ ಸುದ್ದಿ ಹೇಳಿ ಮಂದಿಯನ್ನು ನಗಿಸುತ್ತಿದ್ದ.

"ಹಗ್ಗದ ಒಳಗ ನಮ್ಮೋರು ಸಾಲಾಗಿ ನಿಂತಾರ. ಹಗ್ಗದ ಹೊರಗ ಇಬ್ಬರು ಬಂದು ನಿಂತ್ರು ನೋಡ್ರಿ. ಒಬ್ಬನ ಸೈಕಲ್ ಮ್ಯಾಲ ಸೀರಿ ಗಂಟು. ಇನ್ನೊಬ್ಬ ಗೋರಾನ ಸೈಕಲ್ ಮ್ಯಾಲ ಪಾವಿನ ಡಬ್ಬಿ! ಇವರು ರೇಸಿಗಿ ಬಂದಾರೋ ಬೀಗರ ಊರಿಗಿ ಹೊಂಟಾರೋ?"

ಮಂದಿ ಹೊಟ್ಟೆ ಹಿಡಿದು ನಕ್ಕರು. ವಕೀಲರೂ ಮುಗುಳ್ನಕ್ಕರು. ಅಪ್ಪ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡ. ಪಾವಿನ ಡಬ್ಬಿಯ ಸಂಗತಿ ನಮಗೂ ಹೊಸದು. ಆಮೇಲೆ ತಿಳಿಯಿತು, ಆನ್ಸೆಲ್ಮು ಮನೆಯಿಂದ ಸೀದಾ ಮಿಂಗೇಲಣ್ಣನ ಭಟ್ಟಿಗೆ ಹೋಗಿ, ಖಾನಾಪುರ ಸ್ಟೇಷನ್ನಿನ ಚಹಾದ ಅಂಗಡಿಗೆ ಪಾವ್ ತಾನು ಮುಟ್ಟಿಸುವೆನೆಂದು ಹೇಳಿದ್ದ. ಮೊದಲು ಪಗಾರ ಎಂದು ಕೈ ಚಾಚಿದ್ದನಂತೆ. ಮಿಂಗೇಲಣ್ಣ ಒಂದು ಬಿಸಿ ಪಾವ್ ಕೊಟ್ಟ. ಅದನ್ನು ಅಲ್ಲೇ ನಿಂತು ತಿಂದು, ಬಾಯಿ ಒರೆಸಿಕೊಂಡು, "ಈಗ ನಾನೂ ಪಗಾರಿ," ಎಂದು ಹೊರಟಿದ್ದ.

ಮಳೆ ಹನಿಯುತ್ತಿತ್ತು. ಗಾಳಿ ನಮ್ಮ ಬೆನ್ನಿನಿಂದ ಬೆಳಗಾವಿಯ ಕಡೆಗೆ ಬೀಸುತ್ತಿತ್ತು. ಬರುವವರ ಮುಖಕ್ಕೆ ಅದು ಹೇಗೆ ಹೊಡೆಯುತ್ತಿರಬಹುದೆಂದು ನಾನು ಎಣಿಸುತ್ತ ನಿಂತೆ. ಬಹಳ ಹೊತ್ತಾಯಿತು. ರಸ್ತೆಯ ಕೊನೆಗೆ ಏನೋ ಕಂಡಿತು. ಒಂದು ಸೈಕಲ್ಲೆಂದು ತಿಳಿದೆ. ಹತ್ತಿರ ಬಂದಂತೆ ಅದರ ಹಿಂದಿನಿಂದ ಇನ್ನೊಂದು ಹೊರಬಿತ್ತು. ಹಿಂದಿನದು ಮುಂದಾಯಿತು, ಮುಂದಿನದು ಹಿಂದಾಯಿತು. ಅವ್ವನೂ ನಾನೂ ಬೀಸುವ ಕಲ್ಲಿನ ಗೂಟ ಬದಲಿಸಿದ ಹಾಗೆ, ಒಂದು ಮಾತೂ ಇಲ್ಲದೆ.

"ಅಪ್ಪಾ, ಡಬ್ಬಿ!" ಎಂದು ಕೂಗಿದೆ.

ಮಂದಿಯ ನಗು ನಿಂತಿತು. ಮುಂದೆ ಅಣ್ಣ, ಅವನ ಗಾಲಿಗೆ ಗಾಲಿ ಹಚ್ಚಿ ಆನ್ಸೆಲ್ಮು. ಅವರ ಹಿಂದೆ ರಸ್ತೆ ಬರಿದು. ಅದೂ ಬಿಟ್ಟು ಎಷ್ಟೋ ದೂರದಲ್ಲಿ ಕ್ಲಬ್ಬಿನ ಮೊದಲ ಸವಾರ ಒಬ್ಬನೇ ಗಾಳಿಗೆ ತಲೆ ಬಗ್ಗಿಸಿ ಬರುತ್ತಿದ್ದ. ಅಣ್ಣನ ಮೊಣಕೈ ಕಿತ್ತು ರಕ್ತ ಬರುತ್ತಿತ್ತು, ಒಂದು ಪಕ್ಕ ಪೂರ್ತಿ ಕೆಂಪು ಕೆಸರು. ದೇಸೂರಿನ ಏರಿನಲ್ಲಿ ಬಿದ್ದಿದ್ದ. ಬೀಳುವಾಗ ಗಂಟು ಮೇಲಾಗಲೆಂದು ತಾನು ಕೆಳಗಾಗಿದ್ದ. ಆನ್ಸೆಲ್ಮು ಇಳಿದು ನಿಂತು ಅವನನ್ನು ಎಬ್ಬಿಸುವಷ್ಟರಲ್ಲಿ ಹಿಂದಿದ್ದವರೆಲ್ಲ ದಾಟಿ ಹೋಗಿದ್ದರು. ಅಲ್ಲಿಂದ ಇಬ್ಬರೂ ಗಾಳಿ ಹಂಚಿಕೊಂಡು ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತ ಬಂದಿದ್ದರು.

ಪೀಪಾಯಿ ಹತ್ತಿರ ಬಂತು. ಮಂದಿ ಈಗ ತಾವೇ ಕೂಗತೊಡಗಿದರು. "ತಿರುಗೋ! ಪೀಪಾಯಿ ಸುತ್ತೋ! ಗಾಳಿ ಬೆನ್ನಿಗೈತಿ, ಗೆದ್ದಿ ನೀ!" ವಕೀಲರು ಎದ್ದು ನಿಂತಿದ್ದರು. ಬಾವುಟ ಅವರ ಕೈಯಲ್ಲೇ ಇತ್ತು, ಎತ್ತಲಿಲ್ಲ.

ಅಣ್ಣ ತಿರುಗಲಿಲ್ಲ. ಪೀಪಾಯಿಯ ಪಕ್ಕದಿಂದ ಹಾಯ್ದು, ಎರಡು ಸಲ ಗಂಟೆ ಬಾರಿಸಿ, ಸೀದಾ ಸಂತೆಯ ಕಡೆ ಹೋದ. ಆನ್ಸೆಲ್ಮು ವಕೀಲರಿಗೆ ಟೋಪಿ ತೆಗೆದು ತಲೆ ಬಾಗಿ, ಸ್ಟೇಷನ್ನಿನ ದಾರಿ ಹಿಡಿದ. ಪಗಾರ ತಿಂದ ಮೇಲೆ ಪಾವ್ ಮುಟ್ಟಿಸಬೇಕಲ್ಲ.

ನಾವು ಓಡುತ್ತ ಸಂತೆಗೆ ಹೋದಾಗ ಅಣ್ಣ ಮೇಣದ ಬಟ್ಟೆ ಬಿಚ್ಚುತ್ತಿದ್ದ. ಕೆಸರಿನ ಕೈ ತಗಲಬಾರದೆಂದು ಗಂಟನ್ನು ಹಲ್ಲಿನಿಂದ ಬಿಡಿಸುತ್ತಿದ್ದ. ಅಪ್ಪ ಮೇಲಿನಿಂದ ಕೆಳಗಿನವರೆಗೆ ಪ್ರತಿ ಸೀರೆಯ ಮಡಿಕೆಗೂ ಬೆರಳಿಟ್ಟು ನೋಡಿದ. ಒಂದೂ ತೋಯ್ದಿರಲಿಲ್ಲ. ಅಪ್ಪ ತನ್ನ ರುಮಾಲು ಬಿಚ್ಚಿ ಅಣ್ಣನ ಮೊಣಕೈಗೆ ಕಟ್ಟಿದ.

"ಯಾಕ ತಿರುಗಲಿಲ್ಲೋ ಅಣ್ಣಾ?" ಎಂದೆ ನಾನು.

"ತಿರುಗಿದ್ರ ಅವರ ರೇಸ್ ಆಗತಿತ್ತು ತಂಗಿ," ಎಂದ. "ಕುಂದರು. ಅಂಚಿನ ಸೀರಿ ಮುಂದಿಡು. ಸಂತಿ ತುಂಬಾಕತ್ತೈತಿ."

ಬೆಳ್ಳಿ ಲೋಟ ಅವತ್ತು ಯಾರಿಗೆ ಹೋಯಿತೆಂದು ನನಗೆ ನೆನಪಿಲ್ಲ. ಯಾರಿಗೂ ನೆನಪಿಲ್ಲ.

ದಸರೆ ಮುಗಿದು ಆಕಾಶ ತಿಳಿಯಾದಾಗ ಅವ್ವ ಟೈರುಗಳನ್ನು ಗಂಜಿ ಮುಟ್ಟಿಸದ ದಾರದಿಂದ ಮತ್ತೆ ಹೊಲಿದಳು. ಅಪ್ಪ ಗಟ್ಟಿ ನೂಲಿನ ಹಸಿರು ಬಟ್ಟೆ ನೇಯ್ದು, ಎದೆಗೆ ಸೀರೆಯ ಕೆಂಪು ಅಂಚು ಬರುವಂತೆ ಅಂಗಿ ಹೊಲಿಸಿದ. "ಗಂಡಸಿಗಿ ಸೀರಿ ಅಂಚ ಹಾಕಿ ಕಳಸ್ತೀರಿ?" ಎಂದಳು ಅವ್ವ. ಅಪ್ಪ ಮಿಂಗೇಲಣ್ಣನಿಗೆ ಹೇಳಿದ: "ಅವಂಗ ತಿಳಿಸಿ ಹೇಳು. ಇದು ನಮ್ಮ ಕಂಪನಿ ಅಂಗಿ. ವಾಪಸ್ ಕೇಳೂದಿಲ್ಲ." ಆನ್ಸೆಲ್ಮು ಅದನ್ನು ತೊಟ್ಟು ಧಾರವಾಡದ ರಸ್ತೆ ಹಿಡಿದು ಮೂಡಣ ಕಡಲಿನ ಕಡೆಗೆ ಹೋದ. ಊರ ಗಡಿಯವರೆಗೆ ಅಣ್ಣ ಮುಂದೆ ಹೋಗಿ ಅವನಿಗೆ ಗಾಳಿ ತಡೆದು ಕೊಟ್ಟ. ಆ ದಿನ ಗಾಳಿ ಇರಲಿಲ್ಲ. ಆದರೂ ಕೊಟ್ಟ. ಅವನು ಕಡಲು ಮುಟ್ಟಿದನೋ ಇಲ್ಲವೋ ನಮಗೆ ತಿಳಿಯಲಿಲ್ಲ. ಮುಟ್ಟಿದ ಎಂದೇ ನಮ್ಮ ಮನೆಯಲ್ಲಿ ಹೇಳುತ್ತ ಬಂದಿದ್ದೇವೆ.

ಅಣ್ಣ ಆಮೇಲೆ ಮಿರಜ, ಕೊಲ್ಲಾಪುರ, ಹುಬ್ಬಳ್ಳಿಗಳಲ್ಲಿ ಹಣದ ಬಹುಮಾನವಿದ್ದ ರೇಸುಗಳಿಗೆ ಹೋದ. ಗೆದ್ದ, ಸೋತ, ಮೊಣಕಾಲು ಹಾಳಾಗುವವರೆಗೆ ಹೊಡೆದ. ನನ್ನ ಮದುವೆಯ ಅಕ್ಕಿ ಬೇಳೆ ಅವನ ಕಾಲಿನಿಂದ ಬಂದದ್ದು. ಕೊನೆಯ ದಿನಗಳಲ್ಲಿ ಮಲಗಿದಲ್ಲೇ ಹೊದಿಕೆಯೊಳಗೆ ಅವನ ಕಾಲುಗಳು ತಾವಾಗಿ ಆಡುತ್ತಿದ್ದವು. ಸನ್ನಿ ಎಂದ ಮಲ್ಲು. ನಾನು ಹಾಸಿಗೆಯ ಪಕ್ಕ ಕೂತು ಆ ಕಾಲುಗಳನ್ನೇ ನೋಡುತ್ತಿದ್ದೆ. ನನಗೆ ದೇಸೂರಿನ ಏರು ಕಾಣುತ್ತಿತ್ತು.

ಇಷ್ಟೆಲ್ಲ ಆ ಬೆಳಿಗ್ಗೆ ಕಟ್ಟೆಯ ಮೇಲೆ ಕೂತಾಗ ನನ್ನ ಕಣ್ಣ ಮುಂದೆ ಹಾಯ್ದು ಹೋಯಿತು. ಕಣ್ಣೊರೆಸಿಕೊಂಡು ಒಳಗೆ ಹೋದೆ. ನಗು ಇನ್ನೂ ನಿಂತಿರಲಿಲ್ಲ.

"ಗುರಪ್ಪಾ," ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಅರ್ಧ ದಾರಿ ಅನ್ನೂದು ಖರೇನ ಐತಿ. ಗಾಳಿ ಎದುರಿಗಿದ್ದ ಅರ್ಧಾ. ಬೆನ್ನಿಗಿ ಗಾಳಿ ಇದ್ದ ಅರ್ಧಾ ಅವರಿಗೇ ಬಿಟ್ಟಕೊಟ್ಟ ನನ್ನ ಅಣ್ಣ."

ಗುರಪ್ಪ ನೆಲ ನೋಡಿದ. ಮಲ್ಲು ಕುಂಚ ಹಿಡಿದು ನನ್ನನ್ನೇ ನೋಡುತ್ತಿದ್ದ.

"ಏನ್ ಬರೀಲಿ ಅತ್ತಿ?"

"ಪಗಾರಿ ಸವಾರ ಅಂತ ಬರಿ. ಬೆಳಗಾವಿ ಖಾನಾಪುರ ರಸ್ತಿ ಅಂತ ಕೆಳಗ ಬರಿ."

"ಪಗಾರಿ ಸವಾರ? ಮಂದಿ ನಗತಾರ ಅತ್ತಿ."

"ನಗಲಿ. ಅವತ್ತೂ ನಕ್ಕಿದ್ರು. ಭಟ್ಟಿ ಮುಂದ ಅವನ ಗಾಲಿ ಬರೂತನಕ."